ಐದು ಮಿಂಟು, ಒಂದೂವರೆ ವರ್ಷ

ಏಪ್ರಿಲ್, ಮೇ ತಿಂಗಳು ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆಗೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತಾರೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೂ ವಿಜಯಪುರ, ಬಾಗಲಕೋಟೆಗೂ ಸೇರಿಸಿ ಬೆಂಗಳೂರಿನಿಂದ ಬೇಸಿಗೆಗೊಂದು ಆದೇಶ ಹೊರಡುತ್ತದೆ. ಇಂಗ್ಲೆಂಡಿನವರಿಗೂ ಒಂದು ‘ಸಮ್ಮರ್ ಟೈಮ್’ ಇದೆ. ಅವರು ಗಡಿಯಾರದ ಮುಳ್ಳನ್ನೇ ಒಂದು ಗಂಟೆ ಮುಂದೆ ತಳ್ಳಿ ಬಿಸಿಲನ್ನು ಹೆಚ್ಚಿಗೆ ಪಡೆಯುತ್ತಾರೆ. ಇಲ್ಲಿ ಮುಳ್ಳನ್ನು ಅದರ ಪಾಡಿಗೆ ಬಿಟ್ಟು, ಕಚೇರಿಯ ಬಾಗಿಲನ್ನೇ ಸರಿಸಿ ಬಿಸಿಲಿನಿಂದ ತಪ್ಪಿಸಿಕೊಳ್ಳುತ್ತಾರೆ. ಒಂದೇ ಹೆಸರು, ಉಪಾಯ ಮಾತ್ರ ಪೂರಾ ಉಲ್ಟಾ.

ನಾನು ಹೋದದ್ದು ಮೇ ತಿಂಗಳಲ್ಲೇ. ಕಲಬುರಗಿಯಲ್ಲಿ ವಕೀಲಿಕೆ ಮಾಡುವ ಗೆಳೆಯನೊಬ್ಬ ವರ್ಷಗಳಿಂದ ಕರೆಯುತ್ತಿದ್ದ. “ಚಳಿಗಾಲದಾಗ ಎಲ್ಲರೂ ಬರ್ತಾರ. ಬ್ಯಾಸಗ್ಯಾಗ ಬಾ, ಊರು ಖರೇ ಹೆಂಗದ ನೋಡ್ತಿ” ಎಂದಿದ್ದ. ರಾತ್ರಿ ರೈಲು ನಸುಕಿನಲ್ಲಿ ಇಳಿಸಿತು. ಆ ಹೊತ್ತಿಗೇ ಪ್ಲಾಟ್‌ಫಾರ್ಮಿನ ಕಲ್ಲು ಬೆಚ್ಚಗಿತ್ತು.

ಗೆಳೆಯ ಫೋನಿನಲ್ಲಿ “ಐದು ಮಿಂಟ್” ಎಂದ. ನಾನು ಚಹಾದ ಗಾಡಿಯ ಬಳಿ ನಿಂತೆ. ಧ್ವನಿವರ್ಧಕದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಸರದಿಯಂತೆ ಒಂದು ಗಾಡಿ ಕೆಲವೇ ಸಮಯದಲ್ಲಿ ಬರಲಿದೆ ಎಂಬ ಘೋಷಣೆ ಬಂತು. ಸೋಲಾಪುರದ ಕಡೆ ಹೊರಟಿದ್ದ ಒಂದು ಕುಟುಂಬ ಗಂಟುಮೂಟೆ ಎತ್ತಿ ತಲೆಯ ಮೇಲಿಟ್ಟುಕೊಂಡಿತು. ಚಹಾದವನು ಅವರನ್ನು ನೋಡಿ, “ಇಳಸ್ರಿ ಅಕ್ಕಾ, ಇನ್ನ ಸಿಗ್ನಲ್ ಬಿದ್ದಿಲ್ಲ. ಒಂದು ಚಾ ಕುಡದು ಎದ್ದರೂ ಗಾಡಿ ಸಿಗ್ತದ” ಎಂದ. ಅವರು ಇಳಿಸಿದರು. ಮೂರು ಭಾಷೆಯ ಘೋಷಣೆ ಹೇಳದೆ ಬಿಟ್ಟದ್ದನ್ನು ಚಹಾದವನು ಒಂದೇ ಮಾತಿನಲ್ಲಿ ಹೇಳಿದ್ದ. ಅವನ ಮಾತಿಗೆ ಎದುರಿನ ಕಂಬದ ಕೆಂಪು ದೀಪವೇ ಸಾಕ್ಷಿ. ಅನುಮಾನವಿದ್ದವರು ಕತ್ತೆತ್ತಿ ನೋಡಬಹುದಿತ್ತು. ‘ಕೆಲವೇ ಸಮಯ’ಕ್ಕೆ ಅಂಥ ಸಾಕ್ಷಿ ಯಾವುದೂ ಇಲ್ಲ.

ಈ ನಿಲ್ದಾಣಕ್ಕೆ ಗಡಿಯಾರದ ಹೊತ್ತು ಬಂದದ್ದೇ ರೈಲಿನ ಜೊತೆ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆಗ ಮುಂಬಯಿಯ ಗಡಿಯಾರಕ್ಕೂ ಮದ್ರಾಸಿನ ಗಡಿಯಾರಕ್ಕೂ ಅರ್ಧ ಗಂಟೆಯ ಅಂತರ. ಊರೂರಿಗೆ ಅದರದೇ ಸೂರ್ಯ, ಅದರದೇ ಹನ್ನೆರಡು ಗಂಟೆ. ಗಾಡಿ ಓಡಿಸುವವರಿಗೆ ಅದು ನಡೆಯದು. ಹೀಗಾಗಿ ರೈಲಿನವರು ಮದ್ರಾಸಿನ ವೇಳೆಯನ್ನೇ ದೇಶದುದ್ದಕ್ಕೂ ಹಿಡಿದರು. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ವೇಳೆ ಎಂದಾಯಿತು. ಮುಂಬಯಿಯಂತೂ ಹಟ ಬಿಡದೆ ತನ್ನ ಹಳೆಯ ವೇಳೆಯನ್ನು 1955ರವರೆಗೆ ಉಳಿಸಿಕೊಂಡಿತು. ಈ ಒಂದೇ ವೇಳೆಯ ಅಳತೆ ಇರುವುದು ಪೂರ್ವಕ್ಕೆ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದಲ್ಲಿ. ಕಲಬುರಗಿ ಇರುವುದು ಎಪ್ಪತ್ತೇಳರ ಒಳಗೆ. ಆದ್ದರಿಂದ ಇಲ್ಲಿ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ನೆತ್ತಿಗೇರಲು ಅವನಿಗೆ ಸರಾಸರಿ ಇನ್ನೂ ಇಪ್ಪತ್ತು ನಿಮಿಷದ ಮೇಲೆ ಬೇಕು. ಈ ಊರಿನ ಸೂರ್ಯನೂ ಐದು ಮಿಂಟಿನ ಗಿರಾಕಿಯೇ.

ಗೆಳೆಯ ಬಂದಾಗ ನನ್ನ ಎರಡನೆಯ ಚಹಾ ಮುಗಿದಿತ್ತು. ತಡವಾಯಿತೆಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಸೂಪರ್ ಮಾರ್ಕೆಟ್ ಕಡೆ ಹೋಗಿ ಸುಸಲಾ, ಮಿರ್ಚಿ ತಿಂದೆವು. ಪಕ್ಕದ ಟೇಬಲಿನಲ್ಲಿ ಕೋಚಿಂಗ್ ಕ್ಲಾಸಿನ ಹುಡುಗರು. ಒಬ್ಬನ ಫೋನು ಗುಂಯ್‌ಗುಟ್ಟಿತು. “ಆನ್ ದ ವೇ ಬ್ರೋ” ಎಂದು, ಇನ್ನೊಂದು ಪ್ಲೇಟು ಮಿರ್ಚಿ ತರಿಸಿಕೊಂಡ. ಕೂತಲ್ಲಿಂದ ಅಲುಗಾಡದವನೂ ಆನ್ ದ ವೇ. ಹುಡುಗ ಸುಳ್ಳು ಹೇಳಿದನೇ? ಹಾಗೆನ್ನಲಾರೆ. ಆ ಕಡೆಯವನೂ ಬಹುಶಃ ಎಲ್ಲೋ ಕೂತು ಮಿರ್ಚಿ ತಿನ್ನುತ್ತಲೇ ಕೇಳಿದ್ದ. ‘ನಿನ್ನನ್ನು ಮರೆತಿಲ್ಲ’ ಎನ್ನುವ ಒಂದು ಉಪಚಾರವನ್ನು ಇಬ್ಬರೂ ವೇಳೆಯ ಮಾತಿನಲ್ಲಿ ನಡೆಸಿದ್ದರು. ಸರಿಸಮಾನರ ನಡುವೆ ಈ ವ್ಯವಹಾರದಲ್ಲಿ ಯಾರಿಗೂ ನಷ್ಟವಿಲ್ಲ. ಇಂದು ಅವನು ಕಾಯುತ್ತಾನೆ, ನಾಳೆ ಇವನು.

ಬಿಸಿಲು ಏರುವ ಮೊದಲು ಕೋಟೆ ನೋಡಿಬಿಡೋಣವೆಂದು ಹೊರಟೆವು. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಸಾಮಾನ್ಯವಾಗಿ ಮಸೀದಿಗಳಿಗೆ ಇರುವ ತೆರೆದ ಅಂಗಳ ಇದಕ್ಕಿಲ್ಲ. ಇಡೀ ಕಟ್ಟಡಕ್ಕೆ ಮಾಡು ಇದೆ. ಕಮಾನುಗಳ ಸಾಲಿನ ಕೆಳಗೆ ಮೇ ತಿಂಗಳಲ್ಲೂ ನೆಲ ತಣ್ಣಗಿತ್ತು. ಹಾಗೆ ಕಟ್ಟಿದ್ದರ ಕಾರಣವನ್ನು ವಿದ್ವಾಂಸರು ಏನಾದರೂ ಹೇಳಲಿ, ಬರಿಗಾಲಿನಲ್ಲಿ ನಿಂತವನಿಗೆ ಕಾರಣ ತಂತಾನೇ ತಿಳಿಯುತ್ತದೆ.

ಆ ವಂಶದ ಫಿರೋಜ್ ಶಾ ಬಹಮನಿಗೆ ಖಗೋಳದ ಹುಚ್ಚು. 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ತೊಡಗಿದ್ದ. ಅದರ ಹೊಣೆ ಹೊತ್ತಿದ್ದ ಹಕೀಮ ತೀರಿಕೊಂಡ. ಕೆಲಸ ಅರ್ಧಕ್ಕೆ ನಿಂತಿತು. ಅದೇ ದೊರೆಯ ಕಾಲದಲ್ಲಿ ಊರಿಗೆ ಬಂದ ಸೂಫಿ ಸಂತ ಖ್ವಾಜಾ ಬಂದೇ ನವಾಜರು 1422ರಲ್ಲಿ ಇಲ್ಲೇ ಕಾಲವಾದರು. ಅವರ ದರ್ಗಾದ ಕಡೆ ಓಡಾಡಿದರೆ ದಿನದ ಇನ್ನೊಂದು ಲೆಕ್ಕ ಕಿವಿಗೆ ಬೀಳುತ್ತದೆ. ಬಳೆಯಂಗಡಿಯವನೊಬ್ಬ ಫೋನಿನಲ್ಲಿ “ಮಗ್ರಿಬ್ ಕೆ ಬಾದ್ ಆತೂಂ” ಎನ್ನುತ್ತಿದ್ದ. ಮಗ್ರಿಬ್ ಸೂರ್ಯ ಮುಳುಗಿದ ಕೂಡಲೇ ಮಾಡುವ ನಮಾಜು. ಕೆಲವು ದಿನಗಳಿಗೊಮ್ಮೆ ಅದರ ವೇಳೆ ನಿಮಿಷ ಎರಡು ನಿಮಿಷ ಸರಿಯುತ್ತದೆ. ಮಸೀದಿಯ ಗೋಡೆಯ ಹಲಗೆಯಲ್ಲಿ ಒಂದೊಂದು ನಮಾಜಿಗೆ ಒಂದೊಂದರಂತೆ ಚಿಕ್ಕ ಚಿಕ್ಕ ಗಡಿಯಾರದ ಮುಖಗಳು, ಮುಳ್ಳನ್ನು ಕೈಯಿಂದಲೇ ತಿರುಗಿಸಿ ಇಟ್ಟವು. ಆತ ಬರುತ್ತೇನೆಂದದ್ದು ಗಡಿಯಾರದ ಗಂಟೆಗಲ್ಲ, ನಿಜ. ಆದರೆ ಆ ಕಡೆಯವನಿಗೂ ಬಾಂಗು ಕೇಳುತ್ತದೆ. ಕೇಳಿದ ಮೇಲೂ ಇವನು ಬಾರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ಕೇಳುವ ಹಕ್ಕು ಅವನಿಗಿದೆ.

ಹತ್ತು ಗಂಟೆಗೆಲ್ಲ ಗೆಳೆಯನ ಕಚೇರಿ ಸೇರಿ ಕೂಲರ್ ಮುಂದೆ ಕೂತೆವು. ಕಲಬುರಗಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಅದರಿಂದ ವಕೀಲರ ಬಾಯಲ್ಲಿ ಇಂಗ್ಲಿಷಿನ ವೇಳೆಯ ಮಾತುಗಳೂ ಹೆಚ್ಚಿದವೆಂದು ಅವನೇ ನಗುತ್ತಾನೆ. ಕೇಸು ಕೂಗಿದಾಗ ಸೀನಿಯರ್ ಇನ್ನೊಂದು ಹಾಲಿನಲ್ಲಿದ್ದರೆ ಜೂನಿಯರ್ ಎದ್ದು ‘ಪಾಸ್ ಓವರ್’ ಕೇಳುತ್ತಾನೆ, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕೂಗಿರಿ ಎಂದು. ತಯಾರಿ ಇಲ್ಲದಿದ್ದರೆ ‘ಶಾರ್ಟ್ ಡೇಟ್’. ತಯಾರಾಗುವ ಮನಸ್ಸೇ ಇಲ್ಲದಿದ್ದರೆ ‘ಟೈಮ್ ಕೊಡ್ರಿ’. ಅರ್ಜಿಗಳಲ್ಲಿ ಬೇರೆ ನಮೂನೆ: ‘ಅಟ್ ದಿ ಅರ್ಲಿಯೆಸ್ಟ್’, ‘ಇನ್ ಡ್ಯೂ ಕೋರ್ಸ್’, ‘ಅನ್‌ಟಿಲ್ ಫರ್ದರ್ ಆರ್ಡರ್ಸ್’. ಕನ್ನಡದ ಕಡತಗಳೂ ಹಿಂದೆ ಬಿದ್ದಿಲ್ಲ. ಆದಷ್ಟು ಬೇಗ, ಸೂಕ್ತ ಸಮಯದಲ್ಲಿ, ಮುಂದಿನ ಆದೇಶದವರೆಗೆ.

ಹೊರಗಿನ ಬೆಂಚಿನ ಮೇಲೆ ಕಮಲಾಪುರದ ಕಡೆಯ ಕಕ್ಷಿದಾರರೊಬ್ಬರು ಕೂತಿದ್ದರು. ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು. ಅವರಿಗೆ ಈ ಇಂಗ್ಲಿಷಿನ ಮಾತು ಒಂದೊಂದೂ ಬಾಯಿಪಾಠ. “ನಿನ್ನೆ ಪಾಸೋವರ್ ಆತು, ಮಧ್ಯಾಹ್ನದ ಮ್ಯಾಲ ಡೇಟ್ ಬಿತ್ತು” ಎಂದರು. ಎಷ್ಟು ವರ್ಷದಿಂದ ನಡೆದಿದೆ ಎಂದು ಕೇಳಿದ್ದಕ್ಕೆ, “ದೊಡ್ಡ ಮಗನ ಮದುವಿ ಮುಂದ ಹಾಕಿದ್ದೆವು. ಈಗ ಮಮ್ಮಗ ಸಾಲಿಗೆ ಹೊಂಟಾನ” ಎಂದರು. ಇಸವಿ ಹೇಳದಿದ್ದರೂ ಕಳೆದ ಕಾಲವೆಷ್ಟೆಂದು ನನಗೆ ತಿಳಿಯಿತು.

ಗೆಳೆಯ ಕಪಾಟಿನಿಂದ ಅವರ ಕಾಗದ ತೆಗೆದ. ನಿಜಾಮನ ಕಾಲದ ಜಮೀನಿನ ಪತ್ರ, ಉರ್ದುವಿನಲ್ಲಿದೆ. ಮಡಿಕೆ ಮಡಿಕೆಯಲ್ಲೂ ಹರಿದು, ಹಿಂದೆ ಅಂಟಿಸಿದ ಪಾರದರ್ಶಕ ಟೇಪು ಹಳದಿಗಟ್ಟಿದೆ. ಮೇಲ್ಗಡೆ ಫಸಲಿ 1342 ಎಂಬ ವರ್ಷ. ಹೈದರಾಬಾದ್ ಸಂಸ್ಥಾನದ ಕಂದಾಯದ ಲೆಕ್ಕವೆಲ್ಲ ಫಸಲಿಯಲ್ಲೇ ನಡೆಯುತ್ತಿತ್ತು. ಫಸಲು ಎಣಿಸಲು ಮಾಡಿಕೊಂಡ ವರ್ಷ ಅದು. ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು, ಆಜೂರ್, ದೈ, ಬಹಮನ್, ಇಸ್ಫಂದಾರ್ ಎಂದು ತಿಂಗಳುಗಳಿಗೆ ಪಾರಸಿ ಹೆಸರು. ಅದಕ್ಕೆ 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಈ ಪತ್ರ 1932–33ರದು ಎಂದಾಯಿತು. ಗೆಳೆಯನ ಬೆರಳು ಆ ಅಂಕಿಗಳ ಮೇಲೆ ಸಲೀಸಾಗಿ ಓಡಿತು. ಇಲ್ಲಿ ಭೂಮಿಯ ವ್ಯಾಜ್ಯ ನಡೆಸುವವರಿಗೆ 590ರ ಕೂಡುವ ಲೆಕ್ಕ ಕಣ್ಣು ಮುಚ್ಚಿದರೂ ಬರಬೇಕು.

ಈ ಸೀಮೆಗೆ ದೇಶದ ಕ್ಯಾಲೆಂಡರೂ ತಡವಾಗಿಯೇ ತಲುಪಿತು. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಬಾವುಟ ಏರಿದಾಗ ಇಲ್ಲಿ ನಿಜಾಮನ ಆಡಳಿತ. ಹೈದರಾಬಾದ್ ಭಾರತದ ಕೈಸೇರಿದ್ದು 1948ರ ಸೆಪ್ಟೆಂಬರ್ 17ಕ್ಕೆ, ಹದಿಮೂರು ತಿಂಗಳು ಕಳೆದ ಮೇಲೆ. ಇವತ್ತಿಗೂ ಕಲಬುರಗಿಯಲ್ಲಿ ಎರಡು ದಿನ ಬಾವುಟ ಹಾರುತ್ತದೆ. ‘ಸ್ವಾತಂತ್ರ್ಯ ಬಂದಾಗಿಂದ’ ಎಂದು ಮೈಸೂರಿನವರು ಅಂದರೂ ಇಲ್ಲಿಯ ಮುದುಕರು ಅಂದರೂ ಒಂದೇ ತಾರೀಖಲ್ಲ.

“ಒಂದು ಮಾತು ಕೇಳು,” ಗೆಳೆಯ ಪತ್ರ ಮಡಿಸುತ್ತ ಹೇಳಿದ. “ಸಾಲದ ಹಣಕ್ಕ ಮೂರು ವರ್ಷದಾಗ ದಾವೆ ಹಾಕ್ಬೇಕು. ಹೊಲ ಇನ್ನೊಬ್ಬ ಹಿಡಕೊಂಡು ಕುಂತರ ಹನ್ನೆರಡು ವರ್ಷದಾಗ ಹಾಕ್ಬೇಕು. 1963ರ ಲಿಮಿಟೇಶನ್ ಕಾಯಿದಿ ಹಿಂಗ ಹೇಳ್ತದ. ಒಂದಿನ ತಡಾ ಆದ್ರೂ ದಾವೆ ನಡ್ಯಂಗಿಲ್ಲ. ಹಾಕಿದ ಮ್ಯಾಲ? ಎಷ್ಟು ವರ್ಷದಾಗ ಮುಗೀಬೇಕಂತ ಆ ಕಾಯಿದ್ಯಾಗ ಬರದಿಲ್ಲ. ಕಾಯಿದಿ ನಮ್ಮ ತಡಾ ಎಣಸ್ತದ, ತನ್ನ ತಡಾ ಎಣಸಂಗಿಲ್ಲ.”

ಆ ರಾತ್ರಿ ಊಟಕ್ಕೆ ಕೂತಾಗ ಇಂಗ್ಲೆಂಡಿನಲ್ಲಿರುವ ಅವನ ಮಗಳ ವಿಡಿಯೋ ಕಾಲ್ ಬಂತು. “ಪಪ್ಪಾ, ಈಗ ಮೀಟಿಂಗ್ ಅದ. ಹಾಫ್ ಸಿಕ್ಸ್‌ಗೆ ಮನಿಗೆ ಹೋಗಿ ಮತ್ತ ಮಾಡ್ತೀನಿ” ಎಂದಳು. ಅಜ್ಜಿ ರೊಟ್ಟಿ ಮುರಿಯುತ್ತಲೇ, “ಆರೂವರಿ ಅನ್ನಲಿಕ್ಕೆ ಏನು ಧಾಡಿ ಇಕಿಗೆ?” ಎಂದರು. ಬ್ರಿಟನ್ನಿನವರ ಹಾಫ್ ಸಿಕ್ಸ್ ನಮ್ಮ ಆರೂವರೆಯೇ. ಜರ್ಮನಿಯಲ್ಲಿ ಅದೇ ಧಾಟಿಯ ಮಾತಿಗೆ ಐದೂವರೆ ಎಂದರ್ಥ. ಆರಕ್ಕೆ ಅರ್ಧ ಬಾಕಿ ಎಂಬ ಲೆಕ್ಕ ಅವರದು. ದಕ್ಷಿಣ ಆಫ್ರಿಕಾದ ಇಂಗ್ಲಿಷಿನವರು ‘ಜಸ್ಟ್ ನೌ’ ಎಂದರೆ ಈಗಿಂದೀಗ ಅಲ್ಲ, ಆಮೇಲೆ ಯಾವಾಗಲಾದರೂ. ಗಡಿಯಾರವನ್ನು ಕೊರಳಿಗೆ ಕಟ್ಟಿಕೊಂಡು ಹುಟ್ಟಿದವರೆಂದು ನಾವು ತಿಳಿದಿರುವ ಜನರಲ್ಲೂ ಇಂಥ ಗೋಜಲುಗಳಿವೆ.

ಇದರ ಮೇಲೆ ಒಂದು ಸೊಗಸಾದ ಅಧ್ಯಯನವೇ ಆಗಿದೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕೇಲ್ ರಾಮ್‌ಸ್ಕರ್ ಎಂಬ ಮನೋವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ್ದು. ಬುಧವಾರದ ಸಭೆಯನ್ನು ಎರಡು ದಿನ ‘ಫಾರ್ವರ್ಡ್’ ಮಾಡಿದ್ದಾರೆ, ಈಗ ಸಭೆ ಯಾವತ್ತು ಎಂದು ಇಂಗ್ಲಿಷ್ ಮಾತಾಡುವವರನ್ನು ಕೇಳಿದರು. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಎರಡೂ ಅವರ ಭಾಷೆಯಲ್ಲಿ ಸರಿಯೇ. ಇದೇ ಪ್ರಶ್ನೆಯನ್ನು ವಿಮಾನ ನಿಲ್ದಾಣದಲ್ಲೂ ರೈಲಿನಲ್ಲೂ ಕೇಳಿದಾಗ ಒಂದು ತಮಾಷೆ ಕಂಡಿತು. ಆಗಷ್ಟೇ ವಿಮಾನದಿಂದ ಇಳಿದವರು, ರೈಲು ಹತ್ತಿ ಇನ್ನೂ ಬಹಳ ಹೊತ್ತಾಗದವರು ಅಥವಾ ಇಳಿಯಲು ಸಜ್ಜಾದವರು ಹೆಚ್ಚಾಗಿ ಶುಕ್ರವಾರವೆಂದರು. ಪಯಣದ ಗುಂಗಿನಲ್ಲಿರುವವನಿಗೆ ತಾನೇ ಕಾಲದೊಳಗೆ ಮುಂದೆ ಸಾಗುತ್ತಿರುವಂತೆ ಅನಿಸುತ್ತದೆ. ಸುಮ್ಮನೆ ಕೂತವನಿಗೆ ಕಾಲವೇ ತನ್ನತ್ತ ಬರುತ್ತಿರುವಂತೆ. ಬೆಂಚಿನ ಮೇಲೆ ಕೂತಿದ್ದ ಆ ಕಕ್ಷಿದಾರರ ನೆನಪಾಯಿತು. ಅವರ ಪಾಲಿಗೆ ಡೇಟು ಯಾವಾಗಲೂ ತಾನೇ ‘ಬೀಳುವುದು’. ಅವರು ಅದರ ಬಳಿ ಹೋಗುವಂತಿಲ್ಲ.

ಮರುದಿನ ಬೆಳಿಗ್ಗೆ ಅವರ ಜೊತೆಯಲ್ಲೇ ಕಮಲಾಪುರಕ್ಕೆ ಹೊರಟೆ. “ನಮ್ಮ ತ್ವಾಟಾ ನೋಡಿ ಹೋಗ್ರಿ” ಎಂದು ಕರೆದಿದ್ದರು. ಎಷ್ಟು ಹೊತ್ತಿಗೆ ಸೇರೋಣ ಎಂದು ಕೇಳಿದ್ದೆ. “ಮಗಳ ಮನ್ಯಾಗ ಎಮ್ಮಿ ಹಿಂಡತಾರ್ರಿ, ಹಾಲು ಡೇರಿಗಿ ಹಾಕಿ ಬಸ್‌ಸ್ಟ್ಯಾಂಡಿಗಿ ಬರ್ತೀನಿ” ಎಂದಿದ್ದರು. ನಾನು ಸೇರುವಷ್ಟರಲ್ಲಿ ಅವರು ಕಿಟಕಿಯ ಸೀಟಿಗೆ ಟವೆಲ್ಲು ಹಾಕಿಯಾಗಿತ್ತು.

ಹುಮನಾಬಾದ್ ಬೇಸ್ ದಾಟಿದರೆ ಊರು ಮುಗಿದು ಕಪ್ಪು ಹೊಲಗಳು ತೆರೆದುಕೊಳ್ಳುತ್ತವೆ. ತೊಗರಿಯ ನಾಡು ಇದು. ಮೇ ತಿಂಗಳಲ್ಲಿ ಬೆಳೆಯೇನೂ ಇಲ್ಲ. ಹರಗಿಬಿಟ್ಟ ನೆಲ ಬಿರುಕು ಬಿಟ್ಟುಕೊಂಡು ಮಳೆಗೆ ಕಾದಿರುತ್ತದೆ. ಬಿತ್ತನೆ ಯಾವಾಗ ಎಂದು ಇಲ್ಲಿ ಯಾರನ್ನೇ ಕೇಳಿ, ಜೂನ್ ಎನ್ನುವುದಿಲ್ಲ. “ಮಿರಗ ಕೂಡಲಿ” ಎನ್ನುತ್ತಾರೆ. ಮೃಗಶಿರಾ ಮಳೆಯ ನಕ್ಷತ್ರ. ಅದು ಕೈಕೊಟ್ಟರೆ ಆರಿದ್ರಾ. ಬೆಳೆಗೆ ಪೂಜೆ ಎಳ್ಳಮಾಸಿಗೆ. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬರುತ್ತದೆ. ಸಾಲ ತೀರಿಸುವ ಮಾತು, ಸಂಬಂಧ ನೋಡುವ ಮಾತು ಎಲ್ಲಕ್ಕೂ ಇಂಥ ಗೂಟಗಳೇ. ‘ಎಳ್ಳಮಾಸಿ ಮುಂದ ಕೊಡ್ತೀನಿ’ ಎಂದವನು ಕೊಡದೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ.

ಬಸ್ಸಿನಲ್ಲಿ ಮದುವೆಯ ದಿಬ್ಬಣದ ಮಂದಿ ತುಂಬಿದ್ದರು. ಒಬ್ಬರ ಕೈಯಲ್ಲಿದ್ದ ಲಗ್ನಪತ್ರಿಕೆಯಲ್ಲಿ ಅಕ್ಷತೆ ಹನ್ನೆರಡು ಗಂಟೆ ಮೂವತ್ತೈದು ನಿಮಿಷಕ್ಕೆ ಎಂದಿತ್ತು. ಬಸ್ಸು ಮಹಾಗಾಂವ ಕ್ರಾಸಿನಲ್ಲಿ ನಿಂತು ಹೊರಡುವ ಲಕ್ಷಣ ತೋರದಿದ್ದಾಗ ಒಬ್ಬ ಹೆಂಗಸು ಎದ್ದು ನಿಂತು, “ಅಣ್ಣಾ, ಅಕ್ಕಿಕಾಳು ತಪ್ಪಿದ್ರ ನಿನ್ನ ಹೆಸರ ಹೇಳ್ತೀವಿ ನೋಡು” ಎಂದರು. ಕಂಡಕ್ಟರ್ ಸೀಟಿ ಊದಿದ. ಐದು ನಿಮಿಷ ಆಚೀಚೆಯಾದರೂ ಚಿಂತೆ ಮಾಡದ ಮಂದಿಗೆ ಮುಹೂರ್ತದ ಐದು ನಿಮಿಷ ಬಿಡಲಾಗದ್ದು. ನಿಮಿಷ ಗೊತ್ತಿಲ್ಲದವರಲ್ಲ, ಯಾವುದಕ್ಕೆ ನಿಮಿಷ ಬೇಕು, ಯಾವುದಕ್ಕೆ ಬೇಡ ಎಂಬ ವಿವೇಚನೆ ಇದ್ದವರು.

ಕಮಲಾಪುರ ಹತ್ತಿರವಾದಂತೆ ಬೀದರ್ ರೈಲಿನ ಹಳಿಯ ವಿಷಯ ಬಂತು. ಕಲಬುರಗಿ–ಬೀದರ್ ನಡುವಿನ ಸುಮಾರು 110 ಕಿಲೋಮೀಟರಿನ ಈ ಮಾರ್ಗ 1990ರ ದಶಕದಲ್ಲೇ ಮಂಜೂರಾಗಿತ್ತು. ಪೂರ್ತಿ ತೆರೆದದ್ದು 2017ರ ಅಕ್ಟೋಬರ್ 29ರಂದು. ನಡುವೆ ಮರಗುತ್ತಿ ಬಳಿ ಗುಡ್ಡ ಕೊರೆದು ಸುರಂಗ ಮಾಡಬೇಕಿತ್ತು, ಹಣ ಕಂತುಕಂತಾಗಿ ಬರಬೇಕಿತ್ತು. ಅಷ್ಟೂ ವರ್ಷ ಪ್ರತಿ ಚುನಾವಣೆಗೂ ರೈಲು ‘ಶೀಘ್ರದಲ್ಲೇ’ ಬರುತ್ತಿತ್ತಂತೆ. “ಶೀಘ್ರದಲ್ಲೇ ಅಂದಾಗ ನನ್ನ ಮೀಸಿ ಕರ್ರಗಿತ್ರಿ” ಎಂದು ಅವರು ನಕ್ಕರು. ಈಗ ಪೂರಾ ಬೆಳ್ಳಗಾಗಿದೆ.

ಕಮಲಾಪುರದ ಹೆಸರು ಹೊರಗಿನವರಿಗೆ ಗೊತ್ತಿರುವುದು ಕೆಂಪು ಬಾಳೆಯಿಂದ. ಭೌಗೋಳಿಕ ಗುರುತು ಪಡೆದ ಹಣ್ಣು. ಸುತ್ತಲೂ ಒಣಗಿದ ಬಯಲು. ಈ ತಗ್ಗಿನಲ್ಲಿ ಮಾತ್ರ ಹಸಿರು. ತೋಟದೊಳಗೆ ಕಾಲಿಟ್ಟರೆ ಬಿಸಿಲಿನ ಬಣ್ಣವೇ ಬೇರೆ. ಗಿಡದ ಕಾಂಡಕ್ಕೂ ಎಲೆಯ ನಡುದಿಂಡಿಗೂ ಕೆಂಪು ಛಾಯೆ. ಎತ್ತರಕ್ಕೆ ಬೆಳೆದ ಗಿಡ ಗೊನೆಯ ಭಾರಕ್ಕೆ ಬಾಗದಂತೆ ಬಿದಿರಿನ ಕವೆ ಕೊಟ್ಟಿದ್ದರು. ಮಾಮೂಲಿ ಬಾಳೆ ಒಂದು ವರ್ಷದ ಹೊತ್ತಿಗೆ ಕೈಗೆ ಬರುತ್ತದೆ. ಇದಕ್ಕೆ ಒಂದೂವರೆ ವರ್ಷದ ಹತ್ತಿರ ಬೇಕು. ಅಷ್ಟು ದಿನ ನೀರು, ಗೊಬ್ಬರ, ಆಳು ಎಲ್ಲ ಸುರಿಯುತ್ತಲೇ ಇರಬೇಕು. ಬೆಲೆ ಹೆಚ್ಚಾಗುವುದೂ ಇದರಿಂದಲೇ, ಬೆಳೆಯುವವರು ಕಡಿಮೆಯಾಗುವುದೂ ಇದರಿಂದಲೇ.

ಒಂದು ಗೊನೆಯ ಮುಂದೆ ನಿಂತು ಅವರು ನನ್ನ ಕೈ ಹಿಡಿದು ಕಾಯಿಯ ಮೇಲಿಟ್ಟರು. “ಏಣು ಹತ್ತತಾವೇನು?” ಬೆರಳಿಗೆ ಮೂಲೆಮೂಲೆಯಾದ ಅಂಚುಗಳು ತಗುಲಿದವು. ಪಕ್ಕದ ಗಿಡದ ಗೊನೆ ತೋರಿಸಿದರು. ಅಲ್ಲಿ ಏಣು ಅಡಗಿ ಕಾಯಿ ದುಂಡಗಾಗಿತ್ತು; ತುದಿಯ ಒಣಹೂವು ಮುಟ್ಟಿದರೆ ಉದುರಿತು. “ಇದು ಹದಕ್ಕ ಬಂದದ. ಅದು ಇನ್ನ ಇಲ್ಲ. ಎರಡೂ ಒಂದೇ ದಿನ ಹಚ್ಚಿದ್ದು.” ಎಂದೋ ನೆಟ್ಟ ತಾರೀಖು ಅವರ ವಹಿಯಲ್ಲಿ ಬರೆದಿದೆ, ಇಲ್ಲವೆಂದಲ್ಲ. ಆದರೆ ಕೊಯ್ಯುವ ದಿನವನ್ನು ವಹಿ ಹೇಳುವುದಿಲ್ಲ, ಬೆರಳು ಹೇಳುತ್ತದೆ.

ನಾವು ಅಲ್ಲಿದ್ದಾಗಲೇ ವ್ಯಾಪಾರಿಯ ಫೋನು ಬಂತು. ಸ್ಪೀಕರಿನಲ್ಲಿ ಕೇಳಿದ ಮಾತಿನಲ್ಲಿ ‘ಅರ್ಜೆಂಟ್’ ಎಂಬುದೊಂದೇ ಮತ್ತೆ ಮತ್ತೆ ಬರುತ್ತಿತ್ತು. ಹದವಾಗದಿದ್ದರೂ ಕಡಿದುಕೊಡಿ, ಹಣ್ಣು ಮಾಡುವುದು ನಮಗೆ ಬಿಡಿ ಎನ್ನುತ್ತಿದ್ದ. ಆಹಾರ ಸುರಕ್ಷತೆಯ ನಿಯಮಗಳ ಪ್ರಕಾರ ಕಾರ್ಬೈಡ್ ಹಾಕಿ ಹಣ್ಣು ಮಾಡುವುದು ನಿಷಿದ್ಧ. ಆದರೂ ಕಾಯಿಯ ಬಣ್ಣ ತಿರುಗಿಸುವ ಆತುರ ಪೇಟೆಯಿಂದ ಹೋಗಿಲ್ಲ. ಇವರು, “ಹುಲ್ಲಿನಾಗ ಮುಚ್ಚಿಟ್ಟು ಕಳಸ್ತೀನಿ, ಸೋಮವಾರ ತಪ್ಪಿದ್ರ ಮಂಗಳವಾರ ಮುಂಜಾನಿ ಗಾಡಿಗಿ ಹಾಕ್ತೀನಿ” ಎಂದರು. ವ್ಯಾಪಾರಿ ಗೊಣಗಿದ. ಇವರು ವಾರ ಬದಲಿಸಲಿಲ್ಲ. ‘ಅರ್ಜೆಂಟ್’ ಎಂದವನು ದಿನ ಹೇಳಿರಲಿಲ್ಲ. ‘ತಡಿ’ ಎಂದವರು ದಿನ ಹೇಳಿದ್ದರು.

ಮಧ್ಯಾಹ್ನ ಅವರ ಮನೆಯಲ್ಲಿ ರೊಟ್ಟಿ, ಪುಂಡಿಪಲ್ಯೆ ಉಂಡು ಕಟ್ಟೆಯ ಮೇಲೆ ಕೂತೆವು. ಮಗ ಯಾವುದೋ ಕಾಗದಕ್ಕೆ ಬೆಳಿಗ್ಗೆ ಒಂದು ಕಚೇರಿಗೆ ಹೋಗಿದ್ದವನು ಬೆವರಿನಲ್ಲಿ ತೊಯ್ದು ಬಂದ. “ಒಂದೂವರಿ ಆತು, ಟೈಮ್ ಆಗ್ಯದ, ನಾಳಿ ಬಾ ಅಂದ್ರು” ಎಂದ. ನಿನ್ನೆ ಏನಂದಿದ್ದರು? “ನಿನ್ನಿ ಸಾಹೇಬ್ರು ಈಗ ಬರ್ತಾರ, ಐದು ಮಿಂಟ್ ಕುಂದ್ರು ಅಂದಿದ್ರು.” ಒಂದೇ ಕಿಟಕಿ, ಎರಡು ಅಳತೆ. ಸಾಹೇಬರ ಐದು ಮಿಂಟು ರಬ್ಬರಿನಂತೆ ಎಷ್ಟಾದರೂ ಹಿಗ್ಗುತ್ತದೆ. ರೈತನ ಪಾಲಿನ ಒಂದೂವರೆ ಒಂದೂವರೆಯೇ. ಸುಸಲಾದ ಟೇಬಲಿನಲ್ಲಿ ಹುಡುಗ ಹೇಳಿದ್ದೂ ಇದೇ ಧಾಟಿಯ ಮಾತು. ಅಲ್ಲಿ ಇಬ್ಬರೂ ಕಾಯಬಲ್ಲವರು, ಇಬ್ಬರೂ ಕಾಯಿಸಬಲ್ಲವರು. ಇಲ್ಲಿ ಕಾಯುವವನು ಯಾವಾಗಲೂ ಒಬ್ಬನೇ.

ಇಂಗ್ಲಿಷಿನ ಮೇಲೆ ಇದನ್ನು ಹೊರಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ. ಹಾಫ್ ಸಿಕ್ಸ್ ಎಂದ ಹುಡುಗಿ ಹೇಳಿದ ಹೊತ್ತಿಗೆ, ನಮ್ಮ ಲೆಕ್ಕದ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದಳು. ಅಜ್ಜಿ ಕೂಡ ಎಚ್ಚರವಿದ್ದರು. ಹಳ್ಳಿಯ ಮಾತೆಲ್ಲ ಚೊಕ್ಕ ಚಿನ್ನ ಎನ್ನಲೂ ಬರುವುದಿಲ್ಲ. ‘ಮೊನ್ನಿ ಮೊನ್ನಿ’ ಎಂದು ಇವರು ಹೇಳಿದ ಒಂದು ಜಗಳ ವಿಚಾರಿಸಿದರೆ ಹತ್ತು ವರ್ಷ ಹಳೆಯದು. ಹೊತ್ತಿನ ಮಾತು ಯಾವ ಭಾಷೆಯದಾದರೂ ಆಗಲಿ, ಕೇಳಿದವನ ಕೈಗೆ ಹಿಡಿದುಕೊಳ್ಳಲು ಏನಾದರೂ ಕೊಡುತ್ತದೆಯೇ ಎಂಬುದೇ ಅದರ ಪರೀಕ್ಷೆ. ಸಿಗ್ನಲ್ಲು, ಬಾಂಗು, ಎಮ್ಮೆಯ ಹಾಲು, ಮಿರಗ, ಏಣು, ಆರೂವರೆ ಇವೆಲ್ಲ ಹಿಡಿಕೆ ಇರುವ ಮಾತುಗಳು. ಶೀಘ್ರದಲ್ಲೇ, ಸೂಕ್ತ ಸಮಯದಲ್ಲಿ, ಇನ್ ಡ್ಯೂ ಕೋರ್ಸ್ ಎಂಬವುಗಳಿಗೆ ಹಿಡಿಕೆಯಿಲ್ಲ. ಹಿಡಿಕೆಯಿಲ್ಲದ ಮಾತನ್ನು ಮೇಲಿನವನು ಕೆಳಗಿನವನಿಗೆ ಹೇಳಿದಾಗ ಅದು ವೇಳೆಯನ್ನು ತಿಳಿಸುವುದಿಲ್ಲ, ‘ಕಾಯುವವನು ನೀನು’ ಎಂಬುದನ್ನಷ್ಟೇ ತಿಳಿಸುತ್ತದೆ.

ನಮ್ಮ ಸರ್ಕಾರವೇ ಒಮ್ಮೆ ಇದನ್ನು ಒಪ್ಪಿಕೊಂಡಿದೆ. 2011ರ ಸೇವೆಗಳ ಖಾತರಿ ಕಾಯಿದೆಯ ಕೆಳಗೆ 2012ರ ಏಪ್ರಿಲ್ 2ರಿಂದ ‘ಸಕಾಲ’ ರಾಜ್ಯವೆಲ್ಲ ಜಾರಿಗೆ ಬಂತು. ಇಂತಿಂಥ ಸೇವೆಗೆ ಇಂತಿಷ್ಟೇ ದಿನ. ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಅರ್ಜಿದಾರನಿಗೆ ಕೊಡಬೇಕು, ಅದು ತಡ ಮಾಡಿದವನ ಕೈಯಿಂದಲೇ ಹೋಗಬೇಕು. 20 ರೂಪಾಯಿಗೆ ಇವತ್ತು ಕಮಲಾಪುರದಲ್ಲಿ ಎರಡು ಚಹಾ ಬರಬಹುದು. ದುಡ್ಡಿನ ಮಾತಲ್ಲ ಅದು. ‘ನಾಳೆ ಬಾ’ ಎಂಬ ಮಾತಿಗೂ ಒಂದು ದರ ಇದೆ, ಅದನ್ನು ತೆರಬೇಕಾದವನು ಕಿಟಕಿಯ ಒಳಗಿನವನು ಎಂದು ಬರೆದಿಟ್ಟ ಕಾಗದ ಅದು.

ಗೆಳೆಯ ಇದನ್ನು ಆ ರೈತನ ಮಗನಿಗೆ ಫೋನಿನಲ್ಲೇ ಬಿಡಿಸಿ ಹೇಳಿದ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ತಗೋ, ಅದರಲ್ಲಿ ನಂಬರ್ ಇರುತ್ತದೆ, ಕಡೆಯ ದಿನ ಇರುತ್ತದೆ. ಅದು ಕೈಯಲ್ಲಿಲ್ಲದೆ ಬೆಂಚಿನ ಮೇಲೆ ಕೂರಬೇಡ ಎಂದ. ಹುಡುಗ ತಲೆಯಾಡಿಸಿದ. ತಂದೆಗೆ ಅಷ್ಟು ನಂಬಿಕೆ ಬಂದಂತೆ ಕಾಣಲಿಲ್ಲ. ಆದರೂ ಮಗನಿಗೆ ಒಂದು ಮಾತು ಸೇರಿಸಿದರು: “ನಾಳಿ ಬಾ ಅಂದ್ರ ಸುಮ್ಮ ಎದ್ದು ಬರಬ್ಯಾಡ. ಎಷ್ಟೊತ್ತಿಗಿ ಬರ್ಲಿ, ಯಾರನ್ನ ಕೇಳಲಿ, ಎರಡೂ ಕೇಳಿ ಬರ್ಕೊಂಡು ಬಾ. ವ್ಯಾಪಾರಿಗಿ ನಾ ದಿನ ಹೇಳ್ತೀನಿ, ಅವರು ಹೇಳಲಿಕ್ಕೆ ಏನಾಗ್ಯದ?”